‘ನನ್ನನ್ನು’ ಬಲ್ಲ ಮಗುವಿಗೆ ‘ಮೀ’ ಕಷ್ಟವಲ್ಲ

ಕಾಲಾಂಡು ಪರೀಕ್ಷೆಯ ರಜೆ ಮುಗಿದು ಶಾಲೆ ತೆರೆದ ವಾರ. ಡೈರಿಗೆ ಹಾಲು ಹಾಕಿ ಬರುವ ಹೊತ್ತಿಗೆ ನಮ್ಮ ಕೆಳಬೀದಿಯ ರೈತರೊಬ್ಬರು ಮಗಳನ್ನು ಕರೆದುಕೊಂಡು ನನ್ನ ಜಗುಲಿಗೆ ಬಂದರು. ಹುಡುಗಿ ಆರನೇ ತರಗತಿ, ಕನ್ನಡ ಮಾಧ್ಯಮ. ತಂದೆಯ ಕೈಯಲ್ಲಿ ಅವಳ ಇಂಗ್ಲಿಷ್ ನೋಟ್‌ಬುಕ್ಕು. ಒಂದು ಪುಟದಲ್ಲಿ ಹನ್ನೆರಡು ವಾಕ್ಯ, ಅದರಲ್ಲಿ ಏಳಕ್ಕೆ ಕೆಂಪು ಗೀಟು.

“ನೋಡಿ ಮೇಷ್ಟ್ರೇ, ‘ಐ’ ಎಲ್ಲಿ ಹಾಕ್ಬೇಕು, ‘ಮೀ’ ಎಲ್ಲಿ ಹಾಕ್ಬೇಕು ಅನ್ನೋದೇ ಇವಳಿಗೆ ಗೊತ್ತಿಲ್ಲ. ಕನ್ನಡ ಸ್ಕೂಲಿಗೆ ಹಾಕಿ ನಾನೇ ಮಗಿನ ಕೆಡಿಸ್ದೆ. ಬರೋ ಜೂನ್‌ಗೆ ಟಿ.ಸಿ. ಈಸ್ಕೊಂಡು ಇಂಗ್ಲಿಷ್ ಮೀಡಿಯಮ್ಮಿಗೆ ಸೇರಿಸ್ಬುಡ್ತೀನಿ” ಎಂದರು.

ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು. ನಾನು ಪುಸ್ತಕ ತೆಗೆದು ನೋಡಿದೆ. ಒಂದು ವಾಕ್ಯ ಹೀಗಿತ್ತು: ‘ದಿ ಟೀಚರ್ ಕಾಲ್ಡ್ ಮೈ ಸಿಸ್ಟರ್ ಅಂಡ್ ಐ.’ ನಾನು ಇಂಗ್ಲಿಷ್ ಎತ್ತಲಿಲ್ಲ. “ಇದನ್ನ ಕನ್ನಡದಲ್ಲಿ ಹೇಳವ್ವ” ಎಂದೆ. “ಟೀಚರ್ ನಮ್ಮಕ್ಕನನ್ನೂ ನನ್ನನ್ನೂ ಕರೆದರು” ಎಂದಳು. “ಅಕ್ಕನನ್ನೂ ನಾನೂ ಕರೆದರು ಅಂದ್ರೆ ಆಗಲ್ವಾ?” ಎಂದು ಕೇಳಿದೆ. ಅಲ್ಲಿಯವರೆಗೆ ಅಳುವಂತಿದ್ದ ಮಗು ನಕ್ಕುಬಿಟ್ಟಿತು. “ಅದೆಂಗ್ ತಾತ ಆದದು?”

ಹಾಗಾದರೆ ಇಲ್ಲಿ ‘ನಾನು’ ಬರೋದಿಲ್ಲ, ‘ನನ್ನನ್ನು’ ಬರಬೇಕು. ಇಂಗ್ಲಿಷಿನಲ್ಲಿ ನಾನು ಅಂದರೆ ‘ಐ’, ನನ್ನನ್ನು ಅಂದರೆ ‘ಮೀ’. ಇಷ್ಟು ಹೇಳಿ ಪೆನ್ನು ಅವಳ ಕೈಗೆ ಕೊಟ್ಟೆ. ಕಾಫಿ ಆರುವಷ್ಟರಲ್ಲಿ ಏಳರಲ್ಲಿ ಐದು ತಪ್ಪನ್ನು ಅವಳೇ ತಿದ್ದಿದಳು. ಉಳಿದ ಎರಡರ ವಿಷಯ ಮುಂದೆ ಹೇಳುತ್ತೇನೆ.

ಗಡಿಯಾಚೆ ಮಕ್ಕಳನ್ನು ಕನ್ನಡ ಶಾಲೆಗೆ ಕಳಿಸುತ್ತಿರುವ ತಂದೆತಾಯಂದಿರೇ, ನಿಮ್ಮಲ್ಲಿ ಎಷ್ಟೋ ಜನರ ಮನಸ್ಸಿನಲ್ಲಿ ಆ ತಂದೆಯ ಮಾತೇ ಇದೆ ಎಂದು ನನಗೆ ಗೊತ್ತು. ಕನ್ನಡದಲ್ಲಿ ಓದಿದರೆ ಇಂಗ್ಲಿಷ್ ವ್ಯಾಕರಣ ಹತ್ತುವುದಿಲ್ಲ ಎಂಬ ಭಯ. ಬೇರೆ ವಿಷಯಗಳಲ್ಲಿ ನಿಮ್ಮ ಭಯಕ್ಕೆ ಕಾರಣವಿರಬಹುದು. ಆದರೆ ‘ಐ’, ‘ಮೀ’, ‘ಹಿ’, ‘ಹಿಮ್’, ‘ಹೂ’, ‘ಹೂಮ್’ ವಿಷಯದಲ್ಲಿ ಆ ಭಯ ತಲೆಕೆಳಗಾಗಿದೆ. ಇದನ್ನು ಕಲಿಯಲು ಕನ್ನಡದ ಮಗುವಿಗೆ ಇರುವ ಅನುಕೂಲ ಲಂಡನ್ನಿನ ಮಗುವಿಗೂ ಇಲ್ಲ. ನಾವು ಅದನ್ನು ಬಳಸಿಕೊಳ್ಳುತ್ತಿಲ್ಲ, ಅಷ್ಟೆ.

ನನ್ನ ಕೆಂಪು ಶಾಯಿ

ಇದನ್ನು ನಾನು ಕಲಿತದ್ದು ಒಬ್ಬ ವಿದ್ಯಾರ್ಥಿನಿಯಿಂದ. ನಾನು ಐದನೇ ತರಗತಿವರೆಗೆ ಕನ್ನಡದಲ್ಲಿ, ಮುಂದೆ ತಮಿಳು ಮಾಧ್ಯಮದಲ್ಲಿ ಓದಿದವನು. ನನಗೆ ಇಂಗ್ಲಿಷ್ ಕಲಿಸಿದವರು ‘ಮೀ’ ಅನ್ನುವುದು ಒರಟು, ‘ಯೂ ಅಂಡ್ ಐ’, ‘ಮೈ ಬ್ರದರ್ ಅಂಡ್ ಐ’ ಅನ್ನುವುದು ಮರ್ಯಾದೆ ಎಂದು ಹೇಳಿಕೊಟ್ಟಿದ್ದರು. ನಾನೂ ಹಾಗೇ ನಂಬಿ ಮೇಷ್ಟ್ರಾದೆ, ಹಾಗೇ ಕಲಿಸಿದೆ.

ಒಮ್ಮೆ ಎಂಟನೇ ತರಗತಿಯ ಹುಡುಗಿಯೊಬ್ಬಳು ‘ಮೈ ಅಂಕಲ್ ಗೇವ್ ಎ ಪೆನ್ ಟು ಮೈ ಬ್ರದರ್ ಅಂಡ್ ಮೀ’ ಎಂದು ಬರೆದಿದ್ದಳು. ನಾನು ‘ಮೀ’ ಹೊಡೆದುಹಾಕಿ ಕೆಂಪು ಶಾಯಿಯಲ್ಲಿ ‘ಐ’ ಎಂದು ಬರೆದು ಅರ್ಧ ಅಂಕ ಕಳೆದೆ. ಅವಳು ಎದ್ದು ನಿಂತು, “ಸಾರ್, ಮಾವ ‘ನನಗೂ’ ತಾನೆ ಕೊಟ್ಟದ್ದು? ‘ನಾನೂ’ ಅಂತ ಹೇಗಾಗುತ್ತೆ?” ಎಂದು ಕೇಳಿದಳು. “ಅದು ಕನ್ನಡ, ಇದು ಇಂಗ್ಲಿಷ್, ಕೂತ್ಕೋ” ಎಂದೆ.

ರಾತ್ರಿ ಮನಸ್ಸು ತಡೆಯದೆ ರೆನ್ ಅಂಡ್ ಮಾರ್ಟಿನ್ ವ್ಯಾಕರಣ ತೆಗೆದು ನೋಡಿದೆ. ಹುಡುಗಿ ಬರೆದದ್ದೇ ಸರಿ. ಮರುದಿನ ಬೋರ್ಡಿನ ಮೇಲೆ ಎರಡೂ ವಾಕ್ಯ ಬರೆದು, ತಪ್ಪು ನನ್ನದು ಎಂದು ಹೇಳಿ, ಅರ್ಧ ಅಂಕ ವಾಪಸು ಕೊಟ್ಟೆ. ಅದಕ್ಕೂ ಮೊದಲು ಎಷ್ಟು ಮಕ್ಕಳ ಸರಿ ಉತ್ತರಕ್ಕೆ ಗೀಟು ಎಳೆದಿದ್ದೆನೋ, ಅವರಿಗೆ ನಾನು ಏನನ್ನೂ ವಾಪಸು ಕೊಡಲಾರೆ. “ಅದು ಕನ್ನಡ, ಇದು ಇಂಗ್ಲಿಷ್” ಎಂಬ ಮಾತನ್ನು ಅಂದಿನಿಂದ ತರಗತಿಯಲ್ಲಿ ಆಡಲಿಲ್ಲ.

ಇಂಗ್ಲಿಷಿನವರೇ ಏಕೆ ತಪ್ಪುತ್ತಾರೆ

ನಮ್ಮ ಮಕ್ಕಳು ಶಾಲೆಯಲ್ಲಿ ಉ, ಅನ್ನು, ಇಂದ, ಗೆ ಎಂದು ವಿಭಕ್ತಿ ಪ್ರತ್ಯಯಗಳನ್ನು ಬಾಯಿಪಾಠ ಮಾಡುತ್ತಾರೆ. ಹದಿಮೂರನೇ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಸೂತ್ರ ಕಟ್ಟಿ ವಿವರಿಸಿದ ವಿಷಯ ಅದು. ಆದರೆ ಮಗು ಅದನ್ನು ಶಾಲೆಯಲ್ಲಿ ಕಲಿಯುವುದಲ್ಲ. ಮೂರು ವರ್ಷದ ಕೂಸು ‘ನನ್ನ ಎತ್ಕೋ’, ‘ನಂಗೆ ಕೊಡು’, ‘ನಾನು ಬತ್ತೀನಿ’ ಎಂದು ಮೂರು ರೂಪವನ್ನೂ ತಪ್ಪಿಲ್ಲದೆ ಆಡುತ್ತದೆ. ರಾಮ ಎಂಬ ಹೆಸರಿಗೂ ಹಾಗೇ: ರಾಮನು, ರಾಮನನ್ನು, ರಾಮನಿಗೆ. ನಮ್ಮಲ್ಲಿ ಹೆಸರೂ ಬದಲಾಗುತ್ತದೆ, ಸರ್ವನಾಮವೂ ಬದಲಾಗುತ್ತದೆ.

ಇಂಗ್ಲಿಷಿಗೂ ಒಂದು ಕಾಲದಲ್ಲಿ ಹೀಗೆ ವಿಭಕ್ತಿಗಳಿದ್ದವು. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ‘ಅವನನ್ನು’ ಎಂಬುದಕ್ಕೆ ‘ಹಿನೆ’, ‘ಅವನಿಗೆ’ ಎಂಬುದಕ್ಕೆ ‘ಹಿಮ್’ ಎಂದು ಬೇರೆ ಬೇರೆ ಮಾತುಗಳಿದ್ದವು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ನಂತರದ ಕೆಲವು ಶತಮಾನಗಳಲ್ಲಿ ಆ ಪ್ರತ್ಯಯಗಳು ಒಂದೊಂದಾಗಿ ಸವೆದುಹೋದವು. ‘ಹಿನೆ’ ಹೋಗಿ ಎರಡಕ್ಕೂ ‘ಹಿಮ್’ ಒಂದೇ ಉಳಿಯಿತು. ಹೆಸರುಗಳಿಗೆ ಉಳಿದದ್ದು ‘ರಾಮಾಸ್’ ಎಂಬಲ್ಲಿ ಹತ್ತುವ ‘ಸ್’ ಮಾತ್ರ, ನಮ್ಮ ಷಷ್ಠಿಯ ಹಾಗೆ.

ಇಂದು ಇಂಗ್ಲಿಷಿನಲ್ಲಿ ಕರ್ತೃವಿಗೊಂದು, ಉಳಿದ ಜಾಗಗಳಿಗೊಂದು ಎಂದು ರೂಪ ಬದಲಿಸುವ ಜೋಡಿಗಳು ಆರೇ ಆರು: ಐ–ಮೀ, ವಿ–ಅಸ್, ಹಿ–ಹಿಮ್, ಶಿ–ಹರ್, ದೇ–ದೆಮ್, ಹೂ–ಹೂಮ್. ‘ಯೂ’ ಮತ್ತು ‘ಇಟ್’ ಬದಲಾಗುವುದಿಲ್ಲ. ಹಿಂದೆ ‘ನೀವು’ ಎಂಬುದಕ್ಕೆ ‘ಯೀ’, ‘ನಿಮ್ಮನ್ನು’ ಎಂಬುದಕ್ಕೆ ‘ಯೂ’ ಇತ್ತು. ಕೊನೆಗೆ ‘ಯೂ’ ಎರಡೂ ಜಾಗ ಆಕ್ರಮಿಸಿತು. ಆರು ಜೋಡಿಗಾಗಿ ನಿಮ್ಮ ಮಗುವಿನ ಶಾಲೆ ಬದಲಿಸಬೇಕೇ ಎಂಬುದೇ ನನ್ನ ಪ್ರಶ್ನೆ.

ಇಂಗ್ಲಿಷಿನವರು ತಪ್ಪುವುದಕ್ಕೆ ಕಾರಣವೂ ಇಲ್ಲೇ ಇದೆ. ಅವರ ಕಿವಿಗೆ ‘ಫಾದರ್’ ಎಂಬ ಮಾತು ಎಲ್ಲಿ ಬಂದರೂ ಒಂದೇ. ‘ಫಾದರ್ ಅಂಡ್…’ ಎಂದು ಹೇಳಿ ಮುಂದೆ ಬರುವಾಗ, ತಾವು ಕರ್ತೃವಿನ ಜಾಗದಲ್ಲಿದ್ದೇವೆಯೋ ಕರ್ಮದ ಜಾಗದಲ್ಲಿದ್ದೇವೆಯೋ ಎಂದು ತಿಳಿಸುವ ಗುರುತು ಅವರಿಗೆ ಸಿಗುವುದಿಲ್ಲ. ಹಾಗಾಗಿ ‘ಬಿಟ್ವೀನ್ ಯೂ ಅಂಡ್ ಐ’ ಎಂದು ವಿದ್ಯಾವಂತರೇ ಅನ್ನುತ್ತಾರೆ. ಷೇಕ್ಸ್‌ಪಿಯರನ ‘ಮರ್ಚೆಂಟ್ ಆಫ್ ವೆನಿಸ್’ ನಾಟಕದ ಒಂದು ಪತ್ರದಲ್ಲೂ ಈ ಬಳಕೆ ಇದೆ. ಕನ್ನಡದಲ್ಲಿ ಹಾಗಲ್ಲ. ಇಬ್ಬರನ್ನು ಜೋಡಿಸಿದರೆ ಇಬ್ಬರಿಗೂ ಪ್ರತ್ಯಯ ಹಚ್ಚುತ್ತೇವೆ: ಅಪ್ಪನೂ ನಾನೂ, ಅಪ್ಪನನ್ನೂ ನನ್ನನ್ನೂ, ಅಪ್ಪನಿಗೂ ನನಗೂ. ಅಪ್ಪ ಯಾವ ವೇಷದಲ್ಲಿದ್ದಾನೋ ನಾನೂ ಅದೇ ವೇಷ ಹಾಕಲೇಬೇಕು. ಈ ಅಭ್ಯಾಸ ಇರುವ ಮಗು ಇಂಗ್ಲಿಷಿನಲ್ಲಿ ತಪ್ಪುವುದು, ನಾವು ಆ ಅಭ್ಯಾಸವನ್ನು ತರಗತಿಯ ಬಾಗಿಲಲ್ಲೇ ಬಿಟ್ಟು ಬಾ ಎಂದು ಹೇಳಿದ್ದರಿಂದ.

ಮನೆಯಲ್ಲೇ ಕೇಳಬಹುದಾದ ಪ್ರಶ್ನೆಗಳು

ನಿಮಗೆ ಇಂಗ್ಲಿಷ್ ಬರದಿದ್ದರೂ ಪರವಾಗಿಲ್ಲ. ಮಗು ಬರೆದ ವಾಕ್ಯವನ್ನು ಕನ್ನಡದಲ್ಲಿ ಹೇಳಿಸಿ. ಆಮೇಲೆ ಅದು ಬಳಸಿದ ರೂಪ ಯಾವುದು ಎಂದು ಕೇಳಿ.

‘ನಾನು’ ಬಂದರೆ ‘ಐ’. ‘ನನ್ನನ್ನು’, ‘ನನಗೆ’, ‘ನನ್ನಿಂದ’, ‘ನನ್ನಲ್ಲಿ’ ಬಂದರೆ ‘ಮೀ’. ‘ನನ್ನ’ ಬಂದು ಅದರ ಮುಂದೆ ವಸ್ತುವೋ ವ್ಯಕ್ತಿಯೋ ಇದ್ದರೆ ‘ಮೈ’: ನನ್ನ ಪುಸ್ತಕ, ನನ್ನ ತಂಗಿ. ಆದರೆ ‘ನನ್ನ’ ಎಂಬುದರ ಮುಂದೆ ಜೊತೆ, ಹತ್ತಿರ, ಬಗ್ಗೆ, ಮುಂದೆ, ಹಿಂದೆ, ನಡುವೆ ಇಂಥ ಮಾತು ಬಂದರೆ ಮತ್ತೆ ‘ಮೀ’. ‘ನನ್ನ ಜೊತೆ ಬಾ’ ಎಂಬುದು ‘ಕಮ್ ವಿತ್ ಮೀ’. ನಮ್ಮ ಮಕ್ಕಳು ‘ಕಮ್ ವಿತ್ ಮೈ’ ಎಂದು ಬರೆಯುವುದು ಈ ‘ನನ್ನ’ ಎಂಬ ಮಾತಿನಿಂದಾಗಿ. ‘ನಿನ್ನ ನನ್ನ ನಡುವೆ’ ಎಂಬುದು ‘ಬಿಟ್ವೀನ್ ಯೂ ಅಂಡ್ ಮೀ’. ಇದೇ ಅಳತೆಯನ್ನು ಅವನು, ಅವಳು, ನಾವು, ಅವರು ಎಲ್ಲಕ್ಕೂ ಹಿಡಿಯಬಹುದು.

ವಾಕ್ಯದಲ್ಲಿ ಇಬ್ಬರಿದ್ದು ಗೊಂದಲವಾದರೆ ಇನ್ನೊಬ್ಬರನ್ನು ಸ್ವಲ್ಪ ಹೊತ್ತು ಆಚೆ ಕಳಿಸಿ. ‘ಅಪ್ಪನೂ ನಾನೂ ಸತ್ಯಮಂಗಲಕ್ಕೆ ಹೋದೆವು.’ ಅಪ್ಪನನ್ನು ತೆಗೆದರೆ ‘ಐ ವೆಂಟ್’, ‘ಮೀ ವೆಂಟ್’ ಆಗುವುದಿಲ್ಲ. ಆದ್ದರಿಂದ ‘ಮೈ ಫಾದರ್ ಅಂಡ್ ಐ ವೆಂಟ್’. ‘ಕಂಡಕ್ಟರ್ ಅಪ್ಪನನ್ನೂ ನನ್ನನ್ನೂ ಕೆಳಗಿಳಿಸಿದರು’ ಎಂದರೆ ‘ಮೈ ಫಾದರ್ ಅಂಡ್ ಮೀ’. ನಾವು ‘ನಾನೂ ನನ್ನ ತಂಗಿಯೂ’ ಎಂದು ತನ್ನನ್ನು ಮೊದಲು ಹೇಳುವುದುಂಟು. ಇಂಗ್ಲಿಷಿನಲ್ಲಿ ತನ್ನನ್ನು ಕೊನೆಗೆ ಹೇಳುವುದು ಮರ್ಯಾದೆ. ಅದು ಸಾಲಿನ ಕ್ರಮ ಮಾತ್ರ. ಕೊನೆಯಲ್ಲಿ ನಿಂತ ಮಾತ್ರಕ್ಕೆ ‘ಮೀ’ ಹೋಗಿ ‘ಐ’ ಆಗುವುದಿಲ್ಲ. ನನಗೆ ಕಲಿಸಿದವರು ಈ ಎರಡನ್ನು ಬೆರೆಸಿಬಿಟ್ಟಿದ್ದರು.

‘ಹೂ’, ‘ಹೂಮ್’ ಎಂದರೆ ದೊಡ್ಡ ಮಕ್ಕಳೂ ಬೆವರುತ್ತಾರೆ. ಪ್ರಶ್ನೆಯಾದರೆ ಸುಲಭ: ‘ಯಾರು ಬಂದರು?’ ಎಂದರೆ ‘ಹೂ’, ‘ಯಾರನ್ನು ಕರೆದೆ?’, ‘ಯಾರಿಗೆ ಕೊಟ್ಟೆ?’ ಎಂದರೆ ‘ಹೂಮ್’. ಎರಡು ವಾಕ್ಯ ಸೇರಿಸುವಲ್ಲಿ ಕನ್ನಡದಲ್ಲಿ ಇಂಥ ಸರ್ವನಾಮವೇ ಇಲ್ಲ, ಆದರೂ ಕನ್ನಡವೇ ದಾರಿ ತೋರುತ್ತದೆ. ‘ನನ್ನನ್ನು ನೋಡಿದ ಹುಡುಗ’ ಎಂದರೆ ನೋಡಿದವನು ಹುಡುಗ, ಅವನೇ ಕರ್ತೃ: ‘ದಿ ಬಾಯ್ ಹೂ ಸಾ ಮೀ’. ‘ನಾನು ನೋಡಿದ ಹುಡುಗ’ ಎಂದರೆ ನೋಡಿದವನು ನಾನು, ಕರ್ತೃವಿನ ಕುರ್ಚಿ ತುಂಬಿದೆ, ಹುಡುಗನಿಗೆ ಉಳಿದದ್ದು ಕರ್ಮದ ಜಾಗ: ‘ದಿ ಬಾಯ್ ಹೂಮ್ ಐ ಸಾ’. ಮಾತಿನಲ್ಲಿ ಇಂದು ಇಂಗ್ಲಿಷಿನವರು ಎರಡಕ್ಕೂ ‘ಹೂ’ ಎಂದೇ ಅನ್ನುತ್ತಾರೆ. ಪರೀಕ್ಷೆಯಲ್ಲಿ, ಅರ್ಜಿಯಲ್ಲಿ, ಬರವಣಿಗೆಯಲ್ಲಿ ‘ಹೂಮ್’ ಗೊತ್ತಿರಬೇಕು.

‘ಇಟ್ ಈಸ್ ಐ’ ಸರಿಯೋ ‘ಇಟ್ ಈಸ್ ಮೀ’ ಸರಿಯೋ ಎಂಬ ಹಳೆಯ ಜಗಳವೂ ಹೀಗೇ. ಬಾಗಿಲು ತಟ್ಟಿದಾಗ ನಾವು ‘ನಾನೇ’ ಅನ್ನುತ್ತೇವೆ, ‘ನನ್ನನ್ನೇ’ ಅನ್ನುವುದಿಲ್ಲ. ಹಳೆಯ ವ್ಯಾಕರಣ ಪುಸ್ತಕಗಳೂ ಅಲ್ಲಿ ‘ಐ’ ಬೇಕು ಎನ್ನುತ್ತವೆ. ಆದರೆ ಇಂಗ್ಲಿಷ್ ಮನೆಗಳಲ್ಲಿ ‘ಮೀ’ ಅನ್ನುವುದೇ ವಾಡಿಕೆ. ಮಗುವಿಗೆ ಎರಡನ್ನೂ ಹೇಳಿ ಮುಂದೆ ಹೋಗಿ. ಇದಕ್ಕಾಗಿ ಒಂದು ಪೀರಿಯಡ್ ಕಳೆಯುವುದು ದಂಡ.

ಕನ್ನಡ ಕೈಕೊಡುವ ಜಾಗ

ಈಗ ಆ ಹುಡುಗಿಯ ಉಳಿದ ಎರಡು ತಪ್ಪು. ಒಂದು ‘ಮೀ ನೋ ದಿ ಆನ್ಸರ್’, ಇನ್ನೊಂದು ‘ಮೀ ಈಸ್ ಹಂಗ್ರಿ’. ಇವನ್ನು ಕನ್ನಡದಲ್ಲಿ ಹೇಳಿಸಿದರೆ ತಪ್ಪು ತಿದ್ದುವ ಬದಲು ಗಟ್ಟಿಯಾಗುತ್ತದೆ: ‘ನನಗೆ ಉತ್ತರ ಗೊತ್ತು’, ‘ನನಗೆ ಹಸಿವಾಗಿದೆ.’ ಎರಡರಲ್ಲೂ ‘ನನಗೆ’ ಇದೆ. ಹುಡುಗಿ ಕನ್ನಡಕ್ಕೆ ನಿಷ್ಠಳಾಗಿಯೇ ಬರೆದಿದ್ದಳು.

ಇದನ್ನು ಮುಚ್ಚಿಡಬಾರದು. ಕನ್ನಡದಲ್ಲಿ ತಿಳಿವು, ಬಯಕೆ, ಹಸಿವು, ಕಾಯಿಲೆ, ನೆನಪು, ವಯಸ್ಸು ಇವೆಲ್ಲ ನಾವು ಮಾಡುವ ಕೆಲಸಗಳಲ್ಲ, ನಮಗೆ ಬಂದು ಸೇರುವ ಸಂಗತಿಗಳು. ಅದಕ್ಕೇ ‘ನನಗೆ’ ಅನ್ನುತ್ತೇವೆ. ಇಂಗ್ಲಿಷ್ ಇವುಗಳಲ್ಲೂ ಮನುಷ್ಯನನ್ನೇ ಮುಂದೆ ನಿಲ್ಲಿಸಿ ಕರ್ತೃ ಮಾಡುತ್ತದೆ. ನನಗೆ ಗೊತ್ತು: ‘ಐ ನೋ’. ನನಗೆ ಬೇಕು: ‘ಐ ವಾಂಟ್’. ನನಗೆ ಇಷ್ಟ: ‘ಐ ಲೈಕ್’. ನನಗೆ ನೆನಪಿದೆ: ‘ಐ ರಿಮೆಂಬರ್’. ನನಗೆ ಜ್ವರ: ‘ಐ ಹ್ಯಾವ್ ಫೀವರ್’. ನನಗೆ ಈಜು ಬರುತ್ತದೆ: ‘ಐ ಕ್ಯಾನ್ ಸ್ವಿಮ್’. ನನಗೆ ಹನ್ನೊಂದು ವರ್ಷ: ‘ಐ ಆಮ್ ಇಲೆವನ್’. ನನಗೆ ಇಬ್ಬರು ಅಕ್ಕಂದಿರು: ‘ಐ ಹ್ಯಾವ್ ಟೂ ಸಿಸ್ಟರ್ಸ್’. ಹಳೆಯ ಇಂಗ್ಲಿಷಿನಲ್ಲೂ ನಮ್ಮ ಹಾಗೆ ಹೇಳುವ ಪದ್ಧತಿ ಇತ್ತು. ಹಳೆಯ ನಾಟಕಗಳಲ್ಲಿ ಸಿಗುವ ‘ಮೀಥಿಂಕ್ಸ್’ ಎಂಬ ಮಾತಿನ ಮೂಲ ಅರ್ಥ ‘ನನಗೆ ಅನ್ನಿಸುತ್ತದೆ’ ಎಂದೇ. ಅದು ಈಗ ಬಳಕೆಯಲ್ಲಿ ಇಲ್ಲ.

ಹಾಗಾದರೆ ಮಗು ಯಾವ ‘ನನಗೆ’ಗೆ ‘ಮೀ’ ಬರೆಯಬೇಕು, ಯಾವುದಕ್ಕೆ ‘ಐ’ ಬರೆಯಬೇಕು? ಒಂದು ಪ್ರಶ್ನೆ ಸಾಕು: “ಇಲ್ಲಿ ಬೇರೆ ಯಾರಾದರೂ ಕೆಲಸ ಮಾಡುತ್ತಿದ್ದಾರಾ?” ‘ಟೀಚರ್ ನನಗೆ ಪುಸ್ತಕ ಕೊಟ್ಟರು.’ ಕೊಟ್ಟವರು ಟೀಚರ್, ಪಡೆದವಳು ನಾನು. ಹಾಗಾದರೆ ‘ಮೀ’. ‘ನನಗೆ ಹಸಿವಾಗಿದೆ.’ ಇಲ್ಲಿ ಕೆಲಸ ಮಾಡಿದವರು ಯಾರೂ ಇಲ್ಲ, ಇರುವುದು ನಾನು ಮತ್ತು ನನ್ನ ಹೊಟ್ಟೆ. ಹಾಗಾದರೆ ‘ಐ’. ಇಂಥ ‘ನನಗೆ’ ವಾಕ್ಯಗಳನ್ನು ಹದಿನೈದೋ ಇಪ್ಪತ್ತೋ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ತಿಂಗಳೊಳಗೆ ಅದು ರೂಢಿಯಾಗುತ್ತದೆ. ಕನ್ನಡ ಬಲ್ಲ ಮೇಷ್ಟ್ರು ಮಾತ್ರ ಈ ಹಾಳೆಯನ್ನು ತಯಾರಿಸಬಲ್ಲರು, ಏಕೆಂದರೆ ಮಗು ಎಲ್ಲಿ ಎಡವುತ್ತದೆ ಎಂಬುದು ಅವರಿಗೆ ಮಾತ್ರ ಕಾಣುತ್ತದೆ.

ಕನ್ನಡ ನೆರವಾಗದ ಇನ್ನೊಂದು ಜಾಗ ‘ನನಗಿಂತ’. ‘ನನಗಿಂತ ಅವಳು ತಮ್ಮನನ್ನು ಹೆಚ್ಚು ಪ್ರೀತಿಸುತ್ತಾಳೆ’ ಎಂದರೆ ಎರಡರ್ಥ ಬರುತ್ತದೆ. ನಾನು ತಮ್ಮನನ್ನು ಪ್ರೀತಿಸುವುದಕ್ಕಿಂತ ಹೆಚ್ಚೋ, ಅವಳು ನನ್ನನ್ನು ಪ್ರೀತಿಸುವುದಕ್ಕಿಂತ ಹೆಚ್ಚೋ? ಬರವಣಿಗೆಯ ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ‘ದ್ಯಾನ್ ಐ’, ಎರಡನೆಯದಕ್ಕೆ ‘ದ್ಯಾನ್ ಮೀ’. ಇಲ್ಲಿ ಮಗು ವಾಕ್ಯವನ್ನು ಕೊನೆಯವರೆಗೆ ಪೂರ್ತಿ ಮಾಡಿ ನೋಡಬೇಕು. ‘ದ್ಯಾನ್ ಐ ಡೂ’ ಎಂದು ಪೂರ್ತಿ ಬರೆದುಬಿಟ್ಟರೆ ತೊಂದರೆಯೇ ಇಲ್ಲ.

ನೆರೆಯ ಭಾಷೆಯೂ ಹೊರೆಯಲ್ಲ

ನಮ್ಮ ತಾಳವಾಡಿ, ಹೊಸೂರಿನ ಮಕ್ಕಳಿಗೆ 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ಕನ್ನಡ, ಇಂಗ್ಲಿಷಿನ ಜೊತೆಗೆ ತಮಿಳೂ ಸೇರಿತು. ಪುಟ್ಟ ತಲೆಗೆ ಮೂರು ಭಾಷೆ ಭಾರ ಎಂದು ನೀವು ಹೇಳುವುದನ್ನು ಒಪ್ಪುತ್ತೇನೆ. ಸಾಕಷ್ಟು ಶಿಕ್ಷಕರಿಲ್ಲದೆ ಹೊಸ ಭಾಷೆ ಹೊರಿಸಿದರೆ ಅದು ಭಾರವೇ. ಆದರೆ ವಿಭಕ್ತಿಯ ವಿಷಯದಲ್ಲಿ ತಮಿಳು ಕನ್ನಡದ ಒಡಹುಟ್ಟು. ಅಲ್ಲಿ ಇದಕ್ಕೆ ‘ವೇಟ್ರುಮೈ’ ಎನ್ನುತ್ತಾರೆ. ನಾನ್, ಎನ್ನೈ, ಎನಕ್ಕು ಎಂದರೆ ನಮ್ಮ ನಾನು, ನನ್ನನ್ನು, ನನಗೆ. ‘ಎನಕ್ಕು ತೆರಿಯುಂ’ ಎಂದರೆ ‘ನನಗೆ ಗೊತ್ತು’. ಅಲ್ಲಿಯೂ ‘ಗೆ’, ಇಲ್ಲಿಯೂ ‘ಗೆ’, ಇಂಗ್ಲಿಷಿನಲ್ಲಿ ಮಾತ್ರ ‘ಐ’. ಒಮ್ಮೆ ತಿಳಿಸಿದರೆ ಎರಡು ಭಾಷೆಯ ಎಡವು ಒಟ್ಟಿಗೇ ನಿಲ್ಲುತ್ತದೆ.

ಕಾಸರಗೋಡಿನವರಿಗೆ ಮಲಯಾಳದ ಞಾನ್, ಎನ್ನೆ, ಎನಿಕ್ಕ್ ಕಿವಿಯ ಮೇಲೆ ಬೀಳುತ್ತಲೇ ಇರುತ್ತದೆ. ಆದವಾನಿ, ರಾಯದುರ್ಗ, ಮಡಕಶಿರಾದವರಿಗೆ ತೆಲುಗಿನ ನೇನು, ನನ್ನು, ನಾಕು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಮಕ್ಕಳಿಗೆ ಇನ್ನೂ ಒಂದು ಅನುಕೂಲವಿದೆ. ಮರಾಠಿಯಲ್ಲಿ ‘ಮೀ’ ಎಂದರೆ ನಾನು, ‘ಮಲಾ’ ಎಂದರೆ ನನ್ನನ್ನು ಮತ್ತು ನನಗೆ ಎರಡೂ. ಇಂಗ್ಲಿಷಿನ ‘ಮೀ’ ಕೂಡ ಈ ‘ಮಲಾ’ದ ಹಾಗೆ ಎರಡು ಕೆಲಸ ಮಾಡುತ್ತದೆ ಎಂದರೆ ಮಗುವಿಗೆ ತಟ್ಟನೆ ಹೊಳೆಯುತ್ತದೆ. ಮರಾಠಿಯ ‘ಮೀ’ಗೂ ಇಂಗ್ಲಿಷಿನ ‘ಮೀ’ಗೂ ಸದ್ದು ಒಂದೇ, ಅರ್ಥ ಬೇರೆ ಎಂದು ಮೊದಲ ದಿನವೇ ಎಚ್ಚರಿಸಿದರೆ ಸಾಕು.

ನಿಮ್ಮ ಎದುರು ಮಾತು

“ಮೇಷ್ಟ್ರೇ, ವ್ಯಾಕರಣ ಸರಿ, ಆದರೆ ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ಬಾಯಿ ಬಿಡುವುದಿಲ್ಲವಲ್ಲ” ಎಂದು ನೀವು ಕೇಳುತ್ತೀರಿ. ನಿಜ. ಇಂಗ್ಲಿಷ್ ಮಾಧ್ಯಮದ ಮಗು ದಿನಕ್ಕೆ ಐದಾರು ಗಂಟೆ ಆ ಭಾಷೆಯ ಸದ್ದಿನಲ್ಲಿ ಕೂತಿರುತ್ತದೆ. ನಮ್ಮ ಮಗುವಿಗೆ ಸಿಗುವುದು ಒಂದು ಪೀರಿಯಡ್, ಅದರಲ್ಲೂ ಪ್ರಶ್ನೋತ್ತರ ಬರೆದುಕೊಳ್ಳುವುದೇ ಹೆಚ್ಚು. ಕೇಳುವುದು, ಆಡುವುದು, ಗಟ್ಟಿಯಾಗಿ ಓದುವುದು ನಮ್ಮ ಶಾಲೆಗಳಲ್ಲಿ ಕಡಿಮೆ. ಈ ಕೊರತೆಯನ್ನು ನಾನು ಅಲ್ಲಗಳೆಯುವುದಿಲ್ಲ. ಮುಖ್ಯೋಪಾಧ್ಯಾಯನಾಗಿದ್ದಾಗ ನಾನು ಅದನ್ನು ಪೂರ್ತಿ ತುಂಬಲೂ ಇಲ್ಲ.

ಆದರೆ ಕೊರತೆ ಯಾವುದೋ ಅದಕ್ಕೆ ಮದ್ದು ಕೇಳಬೇಕು. ಕಾಲಿಗೆ ಮುಳ್ಳು ಚುಚ್ಚಿದರೆ ಊರು ಬಿಡುವುದಿಲ್ಲ. ವಿಜ್ಞಾನ, ಗಣಿತ, ಸಮಾಜ ಎಲ್ಲವನ್ನೂ ಅರ್ಥವಾಗದ ಭಾಷೆಗೆ ಒಯ್ದರೆ ‘ಐ’, ‘ಮೀ’ ಸರಿಹೋಗಬಹುದು, ಉಳಿದ ನಾಲ್ಕು ವಿಷಯ ಬಾಯಿಪಾಠಕ್ಕೆ ಇಳಿಯಬಹುದು. ಆ ಲೆಕ್ಕವನ್ನು ಟಿ.ಸಿ. ತೆಗೆದುಕೊಳ್ಳುವ ಮೊದಲು ಹಾಕಿ. ವ್ಯಾನ್ ಬಾಡಿಗೆಯ ಲೆಕ್ಕವನ್ನು ನೀವು ಹಾಕಿಯೇ ಹಾಕುತ್ತೀರಿ.

ಕೇಳುವ ಹಕ್ಕು ನಿಮಗಿದೆ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ತಕ್ಕ ಸೌಲಭ್ಯ ಒದಗಿಸುವಂತೆ ರಾಜ್ಯಗಳಿಗೆ ಹೇಳುತ್ತದೆ. ಭಾಷಾವಾರು ಪ್ರಾಂತ್ಯಗಳಾದ 1956ರಲ್ಲೇ, ನಮ್ಮಂಥ ಗಡಿಯವರಿಗಾಗಿಯೇ ಸೇರಿದ ವಿಧಿ ಅದು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಸರ್ಕಾರಿ ಶಾಲೆಯ ನಿರ್ವಹಣಾ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಂದಿರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಆ ಸಭೆಗೆ ಹೋಗಿ ಸಹಿ ಹಾಕಿ ಬರುವುದಷ್ಟೇ ಆಗಬಾರದು. ಮೂರು ವಿಷಯ ಕೇಳಿ. ಒಂದು, ಕನ್ನಡ ವಿಭಾಗದಲ್ಲಿ ಇಂಗ್ಲಿಷ್ ಕಲಿಸುವವರಿಗೆ ಕನ್ನಡ ಬರಬೇಕು. ಎರಡು, ವಾರದಲ್ಲಿ ಎರಡು ಇಂಗ್ಲಿಷ್ ಪೀರಿಯಡ್‌ನಲ್ಲಿ ಬರೆಯುವುದು ಬೇಡ, ಮಾತು ಮತ್ತು ಓದು ಮಾತ್ರ ಇರಲಿ. ಮೂರು, ಕನ್ನಡ ವ್ಯಾಕರಣದ ವಿಭಕ್ತಿ ಪಾಠ ನಡೆಯುವ ವಾರವೇ ಇಂಗ್ಲಿಷಿನ ಸರ್ವನಾಮ ಪಾಠವೂ ನಡೆಯಲಿ. ಮೂರನೆಯದಕ್ಕೆ ಸರ್ಕಾರದ ಆದೇಶವೂ ಬೇಡ, ದುಡ್ಡೂ ಬೇಡ. ಇಬ್ಬರು ಶಿಕ್ಷಕರು ಒಂದು ಸಂಜೆ ಕೂತು ಮಾತಾಡಿದರೆ ಆಗುವ ಕೆಲಸ.

ಇನ್ನೊಂದು ಮಾತು ಶಿಕ್ಷಕರಿಗೆ. ಕೆಂಪು ಗೀಟು ಎಳೆಯುವ ಮೊದಲು ಮಗು ಏಕೆ ಹಾಗೆ ಬರೆಯಿತು ಎಂದು ಕೇಳಿ. ‘ಮೀ ಈಸ್ ಹಂಗ್ರಿ’ ಎಂದು ಬರೆದ ಮಗು ದಡ್ಡ ಅಲ್ಲ. ಅದು ‘ನನಗೆ’ಗೆ ಸರಿಯಾದ ಜೋಡಿ ಹುಡುಕಿದೆ, ಆ ಜಾಗದಲ್ಲಿ ಇಂಗ್ಲಿಷಿನ ದಾರಿ ಬೇರೆ ಎಂದು ಯಾರೂ ಹೇಳಿಲ್ಲ ಅಷ್ಟೆ. ಏಳು ಗೀಟು ನೋಡಿದ ತಂದೆಗೆ ಕಂಡದ್ದು ಏಳು ತಪ್ಪು. ನಿಜಕ್ಕೂ ಅಲ್ಲಿದ್ದದ್ದು ಎರಡೇ ವಿಷಯ.

ಕೆಳಬೀದಿಯ ಆ ರೈತರು ಟಿ.ಸಿ. ವಿಚಾರ ಬಿಟ್ಟುಬಿಟ್ಟರು ಎಂದು ಬರೆಯಲು ನನಗೆ ಆಸೆ. ಆದರೆ ಅವರು ಹೇಳಿದ್ದು “ಜೂನ್ ಬರಲಿ, ನೋಡಣ ಮೇಷ್ಟ್ರೇ” ಎಂದು. ಅಷ್ಟು ಸಾಕು. ಮೊನ್ನೆ ಸಂಜೆ ಅವರ ಮನೆ ಮುಂದೆ ಹಾದು ಬರುವಾಗ ಒಳಗಿನಿಂದ ತಾಯಿಯ ದನಿ ಕೇಳಿಸಿತು. ಆಕೆ ಶಾಲೆ ಮೆಟ್ಟಿಲು ಹತ್ತಿದವರಲ್ಲ. ಒಲೆಯ ಮುಂದೆ ಕೂತು ರಾಗಿರೊಟ್ಟಿ ತಟ್ಟುತ್ತಾ ಮಗಳನ್ನು ಕೇಳುತ್ತಿದ್ದರು: “ಯಾರು? ಯಾರನ್ನು? ಯಾರಿಗೆ? ಸರಿಯಾಗಿ ಹೇಳು, ಆಮ್ಯಾಕೆ ಬರಿ.”

ಇವತ್ತು ರಾತ್ರಿ ನಿಮ್ಮ ಮನೆಯಲ್ಲೂ ಹತ್ತು ನಿಮಿಷ ಹೀಗೆ ಕೇಳಿ ನೋಡಿ. ಕೈಯಲ್ಲಿ ಮಗುವಿನ ನೋಟ್‌ಬುಕ್ಕು ಇರಲಿ, ಪೆನ್ನು ಮಗುವಿನ ಕೈಯಲ್ಲಿರಲಿ.